ರೊಬಸ್ಟಾಗೆ ಮಣೆ ಹಾಕಿದ ಊರು ಹನೋಯ್

ಊರುಗಳನ್ನು ಪರಿಚಯಿಸುವ ಈ ರೇಡಿಯೋ ಮಾಲಿಕೆಯಲ್ಲಿ ಇವತ್ತಿನ ಊರು ಹನೋಯ್, ವಿಯೆಟ್ನಾಮಿನ ರಾಜಧಾನಿ. ನನಗೆ ಕೊಟ್ಟಿರುವುದು ಹದಿನೈದು ನಿಮಿಷ. ಸಾವಿರ ವರ್ಷ ದಾಟಿದ ಊರನ್ನು ಅಷ್ಟರೊಳಗೆ ಹೇಳಿ ಮುಗಿಸುವುದು ಆಗುವ ಮಾತಲ್ಲ. ಹಾಗಾಗಿ ಅಲ್ಲಿನ ಒಂದು ಲೋಟ ಕಾಫಿಯನ್ನು ಹಿಡಿದು ಕೂರುತ್ತೇನೆ. ಮೊಟ್ಟೆ ಹಾಕಿ ಮಾಡುವ ಕಾಫಿ. ನಾನು ಕೈಯಾರೆ ಕಲಿತು ಬಂದದ್ದು ಅದನ್ನೇ.

ಹನೋಯ್‌ಗೂ ನನಗೂ ಎತ್ತಣ ನಂಟು ಎಂದು ನೀವು ಕೇಳಬಹುದು. ನನ್ನ ತವರು ದಕ್ಷಿಣ ಕೊಡಗಿನ ಸಿದ್ದಾಪುರದ ಕಡೆ. ನಮ್ಮದು ರೊಬಸ್ಟಾ ತೋಟ. ನಾನು ಚಿಕ್ಕವಳಿದ್ದಾಗ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಕೊಡುತ್ತಿದ್ದರು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟುಪಾಡು ಹೋಯಿತು. ಬೆಳೆಗಾರ ತನಗೆ ಬೇಕಾದವರಿಗೆ ಮಾರಬಹುದು ಎಂದಾಯಿತು. ಅಪ್ಪನಿಗೆ ಅಲ್ಲಿಯವರೆಗೆ ಹೂಮಳೆ ಒಂದೇ ಚಿಂತೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಹದ ಮಳೆ ಬಿದ್ದರೆ ತೋಟ ಬೆಳ್ಳಗೆ ಅರಳುತ್ತದೆ, ಬೀಳದಿದ್ದರೆ ಆ ವರ್ಷ ಹೋಯಿತು. ಮಾರುಕಟ್ಟೆ ಬಿಚ್ಚಿದ ಮೇಲೆ ಇನ್ನೊಂದು ಚಿಂತೆ ಸೇರಿಕೊಂಡಿತು. ಲಂಡನ್ನಿನಲ್ಲಿ ರೊಬಸ್ಟಾ ದರ ಏನು, ವಿಯೆಟ್ನಾಮಿನಲ್ಲಿ ಬೆಳೆ ಹೇಗಿದೆ? ಸಂಜೆ ರೇಡಿಯೋ ಮುಂದೆ ಕೂತು ಪೇಟೆ ಧಾರಣೆ ಕೇಳುತ್ತಿದ್ದ ಅಪ್ಪನ ಬಾಯಲ್ಲಿ ನಾನು ವಿಯೆಟ್ನಾಂ ಎಂಬ ಹೆಸರು ಕೇಳಿದ್ದು, ಯುದ್ಧದ ಕತೆಯಾಗಿ ಅಲ್ಲ, ದರದ ಕತೆಯಾಗಿ.

2001ರ ಹೊತ್ತಿಗೆ ಕಾಫಿ ಬೆಲೆ ಪಾತಾಳಕ್ಕೆ ಇಳಿಯಿತಲ್ಲ, ಬೆಳೆಗಾರರ ಮನೆಯವರಿಗೆ ಆ ವರ್ಷಗಳು ನೆನಪಿರುತ್ತವೆ. ಪ್ರಪಂಚದಲ್ಲಿ ಕಾಫಿ ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಅದಕ್ಕೆ ಒಂದು ದೊಡ್ಡ ಕಾರಣ ವಿಯೆಟ್ನಾಂ. 1986ರಲ್ಲಿ ಅಲ್ಲಿನ ಸರ್ಕಾರ ಆರ್ಥಿಕ ಸುಧಾರಣೆಗೆ ಕೈ ಹಾಕಿದ ಮೇಲೆ ಮಧ್ಯ ಪ್ರಸ್ಥಭೂಮಿಯ ಕೆಂಪು ಮಣ್ಣಿನಲ್ಲಿ ರೊಬಸ್ಟಾ ಹಬ್ಬಿತು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಆ ದೇಶ ಬ್ರೆಜಿಲ್ಲಿನ ಬೆನ್ನಿಗೆ ಬಂದು ನಿಂತಿತ್ತು. ನಮ್ಮ ಮನೆಯಲ್ಲಿ ಚೆರಿ ಕಾಫಿಯ ಮೂಟೆಗಳು ಗೋದಾಮಿನಲ್ಲೇ ಉಳಿದವು. ಮನೆಯ ಮಾಡು ರಿಪೇರಿ ಮುಂದಕ್ಕೆ ಹೋಯಿತು. ಕಾಳುಮೆಣಸಿನದೂ ಅದೇ ಕತೆ, ಅದರಲ್ಲೂ ಪ್ರಪಂಚಕ್ಕೆಲ್ಲ ಅವರೇ ಮುಂದು. ಇನ್ನು 2024ರಲ್ಲಿ ಆದದ್ದು ಇದರ ಉಲ್ಟಾ. ಅಲ್ಲಿ ಬರ ಬಿತ್ತು, ಇಲ್ಲಿ ರೊಬಸ್ಟಾ ದರ ಯಾರೂ ಕಂಡಿರದಷ್ಟು ಏರಿತು. ಕಣ್ಣಲ್ಲಿ ಕಾಣದ ಒಂದು ನಾಡಿನ ಮಳೆ ಬಿಸಿಲು ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಅಷ್ಟು ವರ್ಷ ಕೂತಿತ್ತು. ಒಮ್ಮೆ ಹೋಗಿ ನೋಡಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಹೀಗೆ.

ಅಣ್ಣನ ಮಗಳು ಹನೋಯ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. "ಅತ್ತೆ, ಚಳಿಗಾಲದಲ್ಲಿ ಬನ್ನಿ, ಬಿಸಿ ಕಾಫಿಗೆ ಅದೇ ಸರಿಯಾದ ಕಾಲ" ಎಂದಳು. ಆ ಮಾತು ದಿಟ. ಹನೋಯ್ ಉತ್ತರದ ಊರು, ಅಲ್ಲಿ ನಿಜವಾದ ಚಳಿಗಾಲವಿದೆ. ಜನವರಿ ಕಳೆದ ಮೇಲೆ ಸಣ್ಣ ಜಿಟಿಜಿಟಿ ಮಳೆ ಶುರುವಾಗುತ್ತದೆ. ಅದು ಕೊಡೆ ಬಿಡಿಸುವಷ್ಟೂ ಇರುವುದಿಲ್ಲ, ಬಿಡುವುದೂ ಇಲ್ಲ. ಮಡಿಕೇರಿಯ ಕಡೆಯವರಿಗೆ ನಾನಿದನ್ನು ಬಿಡಿಸಿ ಹೇಳಬೇಕಿಲ್ಲ. ಚಾಂದ್ರಮಾನದ ಹೊಸ ವರ್ಷ, ಅವರು ಟೆಟ್ ಎನ್ನುತ್ತಾರೆ, ಹತ್ತಿರ ಬಂದಿತ್ತು. ಮೋಟಾರ್ ಸೈಕಲ್ಲಿನ ಹಿಂದೆ ಹಣ್ಣು ತುಂಬಿದ ಕಿತ್ತಳೆ ಜಾತಿಯ ಪುಟ್ಟ ಗಿಡವನ್ನು ಕುಂಡ ಸಮೇತ ಕಟ್ಟಿಕೊಂಡು ಹೋಗುವವರು, ಪೀಚ್ ಹೂವಿನ ಕೊಂಬೆ ಹೊತ್ತು ಹೋಗುವವರು, ಬೀದಿಯ ತುಂಬ ಅವರೇ.

ಇತಿಹಾಸವನ್ನು ನಾನು ಬೇಗ ದಾಟುತ್ತೇನೆ, ನೀವು ಅರ್ಧ ಕೇಳಿಯೇ ಇರುತ್ತೀರಿ. 1010ರಲ್ಲಿ ಲೀ ಥಾಯ್ ತೋ ಎಂಬ ದೊರೆ ರಾಜಧಾನಿಯನ್ನು ಇಲ್ಲಿಗೆ ತಂದ. ಆಗ ಊರಿನ ಹೆಸರು ಥಾಂಗ್ ಲಾಂಗ್. ಹನೋಯ್ ಎಂಬ ಹೆಸರು ಬಂದದ್ದು 1831ರಲ್ಲಿ. ಆಮೇಲೆ ಫ್ರೆಂಚರು ಬಂದರು. 1945ರ ಸೆಪ್ಟೆಂಬರ್ 2ರಂದು ಬಾ ದಿನ್ ಮೈದಾನದಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಸಾರಿದರು. ಫ್ರೆಂಚರು ಮತ್ತೆ ಬಂದರು, ಯುದ್ಧವಾಯಿತು, 1954ರಲ್ಲಿ ಹೋದರು. ಬಳಿಕ ಅಮೆರಿಕದ ಬಾಂಬುಗಳು. ಊರಿನ ನಡುವೆ ಹೊವಾನ್ ಕಿಯೆಮ್ ಎಂಬ ಕೆರೆಯಿದೆ. ಹದಿನೈದನೆಯ ಶತಮಾನದ ಲೇ ಲೋಯ್ ಎಂಬ ರಾಜ ತನಗೆ ದೇವತೆಗಳು ಕೊಟ್ಟ ಕತ್ತಿಯನ್ನು ಯುದ್ಧ ಗೆದ್ದ ಮೇಲೆ ಈ ಕೆರೆಯ ಆಮೆಗೆ ಹಿಂತಿರುಗಿಸಿದ ಎಂಬ ಐತಿಹ್ಯ ಇಲ್ಲಿ ಪ್ರತಿ ಮಗುವಿಗೂ ಗೊತ್ತು. ಆ ಕೆರೆಯ ಕೊನೆಯ ದೊಡ್ಡ ಆಮೆ 2016ರ ಜನವರಿಯಲ್ಲಿ ಸತ್ತಾಗ ಊರಿಗೆ ಊರೇ ದುಃಖಪಟ್ಟಿತು ಎಂದು ನನ್ನ ಸೊಸೆ ಹೇಳಿದಳು.

ಕೆರೆಯ ಉತ್ತರಕ್ಕೆ ಹಳೆ ಪೇಟೆ. ಮೂವತ್ತಾರು ಬೀದಿಗಳ ಪೇಟೆ ಎನ್ನುವುದು ವಾಡಿಕೆ. ಒಂದೊಂದು ಬೀದಿಗೆ ಒಂದೊಂದು ಸರಕಿನ ಹೆಸರು. ಬೆಳ್ಳಿ ಕೆಲಸದವರ ಬೀದಿ ಹಾಂಗ್ ಬಾಕ್. ಹಿರಿಯರಿಗೆ ಸುಡುವ ಕಾಗದದ ಸಾಮಾನು ಮಾರುವ ಬೀದಿ ಹಾಂಗ್ ಮಾ. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಬಳೆಪೇಟೆಗಳಲ್ಲಿ ಓಡಾಡಿದವರಿಗೆ ಇಲ್ಲಿ ದಿಕ್ಕು ತಪ್ಪಿದರೂ ಮನಸ್ಸಿಗೆ ಗಾಬರಿಯಾಗುವುದಿಲ್ಲ. ಮನೆಗಳು ಬೀದಿಯ ಕಡೆಗೆ ಕಿರಿದು, ಒಳಕ್ಕೆ ಹೋದಷ್ಟೂ ಉದ್ದ. ಹಿಂದೆ ಅಂಗಡಿಯ ಅಗಲ ನೋಡಿ ತೆರಿಗೆ ಹಾಕುತ್ತಿದ್ದರು, ಅದಕ್ಕೇ ಹೀಗೆ ಕಟ್ಟಿದರು ಎನ್ನುತ್ತಾರೆ. ಮುಂದೆ ರೇಷ್ಮೆ ಅಂಗಡಿ ಕಾಣುತ್ತದೆ, ಅದರ ಪಕ್ಕದ ಸಂದಿಯಲ್ಲಿ ನಡೆದು ಹೋದರೆ ಒಳಗೆ ಅಂಗಳ, ಅಂಗಳದಾಚೆ ಮೆಟ್ಟಿಲು, ಮೆಟ್ಟಿಲ ಮೇಲೆ ಕಾಫಿ ಅಂಗಡಿ.

ಮೊಟ್ಟೆ ಕಾಫಿ ಹುಟ್ಟಿದ್ದು 1946ರಲ್ಲಿ, ಹಾಲಿಲ್ಲದ ಕಾಲದಲ್ಲಿ. ನುಯೆನ್ ವಾನ್ ಜಾಂಗ್ ಎಂಬಾತ ಮೆಟ್ರೊಪೋಲ್ ಎಂಬ ದೊಡ್ಡ ಹೋಟೆಲಿನಲ್ಲಿ ಬಾರ್ ನೋಡಿಕೊಳ್ಳುತ್ತಿದ್ದ. ಆ ಹೋಟೆಲ್ ಇವತ್ತಿಗೂ ಇದೆ. ಫ್ರೆಂಚರ ಜೊತೆ ಸಂಘರ್ಷ ಬಿಸಿಯೇರಿದ್ದ ವರ್ಷ ಅದು. ಡಿಸೆಂಬರಿನಲ್ಲಿ ಊರಿನ ಬೀದಿಗಳಲ್ಲೇ ಕಾಳಗವಾಯಿತು. ಹಾಲು ಸಿಗದು, ಸಿಕ್ಕರೂ ದುಬಾರಿ. ಹಾಲಿನ ನೊರೆ ಹಾಕಿದ ಯುರೋಪಿನ ಕಾಫಿ ಮಾಡಬೇಕಾದವನಿಗೆ ಹಾಲೇ ಇಲ್ಲ. ಜಾಂಗ್ ಮೊಟ್ಟೆಯ ಹಳದಿಯನ್ನು ಕಡೆದು ನೊರೆ ಎಬ್ಬಿಸಿದ, ಅದನ್ನು ಕಪ್ಪು ಕಾಫಿಯ ಮೇಲೆ ಹೊಯ್ದ. ಅದೇ ವರ್ಷ ತನ್ನದೇ ಅಂಗಡಿ ತೆರೆದ. ಅಂಗಡಿ ಜಾಗ ಬದಲಿಸುತ್ತ ಬಂದು ಈಗ ನುಯೆನ್ ಹೂ ಹುವಾನ್ ಬೀದಿಯ 39ನೇ ನಂಬರಿನಲ್ಲಿದೆ, ಆತನ ಮಗ ನಡೆಸುತ್ತಾರೆ. ಮಗಳು ತೆರೆದ ಇನ್ನೊಂದು ಅಂಗಡಿ, ಕೆಫೆ ದಿನ್, ಕೆರೆಯ ದಂಡೆಯಲ್ಲೇ ಒಂದು ಹಳೆಯ ಮಹಡಿಯ ಮೇಲಿದೆ. 2019ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಮತ್ತು ಉತ್ತರ ಕೊರಿಯಾದ ಕಿಮ್ ಹನೋಯ್‌ನಲ್ಲಿ ಭೇಟಿಯಾದಾಗ, ವರದಿಗೆ ಬಂದ ಲೋಕದ ಪತ್ರಕರ್ತರಿಗೆಲ್ಲ ಜಾಂಗ್ ಮನೆತನದ ಮೊಟ್ಟೆ ಕಾಫಿ ಕೊಟ್ಟರು. ಆ ಮನೆತನದ ಅಳತೆ ಇವತ್ತಿಗೂ ಮನೆಯೊಳಗಿನ ಗುಟ್ಟು. ಆದರೆ ವಿದ್ಯೆ ಊರಿಗೆಲ್ಲ ಹಬ್ಬಿದೆ, ಕಲಿಸುವವರೂ ಇದ್ದಾರೆ.

ಸೊಸೆ ನನ್ನನ್ನು ಕರೆದುಕೊಂಡು ಹೋದದ್ದು ಹಳೆ ಪೇಟೆಯ ಅಂಥ ಒಂದು ಮಹಡಿ ಕೋಣೆಗೆ. ಉದ್ದನೆಯ ಮರದ ಮೇಜು, ಒಬ್ಬೊಬ್ಬರ ಮುಂದೆ ಒಂದು ಬೋಗುಣಿ, ಒಂದು ಕಡೆಯುವ ತಂತಿ, ಒಂದು ಫಿನ್, ಅಂದರೆ ಅಲ್ಲಿನ ಕಾಫಿ ಫಿಲ್ಟರ್. ಕಲಿಸುವಾಕೆ ಇಪ್ಪತ್ತೈದು ದಾಟಿದ ಹುಡುಗಿ. ಡಕ್ ಲಕ್ ಪ್ರಾಂತ್ಯದ ಬುವಾನ್ ಮಾ ಥುವಾಟ್ ಕಡೆಯವಳು. ಅದು ವಿಯೆಟ್ನಾಮಿನ ಕಾಫಿ ಸೀಮೆಯ ರಾಜಧಾನಿ. ಅವಳ ಅಪ್ಪ ಅಮ್ಮ ಇನ್ನೂ ತೋಟದಲ್ಲೇ ಇದ್ದಾರಂತೆ. ನಾನು ಯಾವ ಊರು, ಏನು ಬೆಳೆ ಎಂದು ತಿಳಿದ ಮೇಲೆ ಅವಳು ನನ್ನನ್ನು ತನ್ನ ಪಕ್ಕದ ಜಾಗಕ್ಕೆ ಕರೆದು ಕೂರಿಸಿಕೊಂಡಳು.

ಮೊದಲು ಫಿನ್. ನಮ್ಮ ಕಾಫಿ ಫಿಲ್ಟರ್ ಎರಡು ಅಂತಸ್ತಿನದು, ಮನೆಮಂದಿಗೆಲ್ಲ ಒಮ್ಮೆಲೇ ಡಿಕಾಕ್ಷನ್ ಇಳಿಸುವಂಥದ್ದು. ಫಿನ್ ಒಬ್ಬರಿಗೆ ಒಂದು. ತೂತುಗಳಿರುವ ತಟ್ಟೆ ಲೋಟದ ಬಾಯಿಯ ಮೇಲೆ ಕೂರುತ್ತದೆ, ಅದರ ಮೇಲೆ ತೂತಿನ ತಳದ ಪುಟ್ಟ ಡಬ್ಬಿ. ಒಳಗೆ ಪುಡಿ, ಪುಡಿಯ ಮೇಲೆ ಇನ್ನೊಂದು ತೂತಿನ ಬಿಲ್ಲೆ, ಮೇಲೊಂದು ಮುಚ್ಚಳ. ಸುಮಾರು 20 ಗ್ರಾಂ ಪುಡಿ ಹಾಕಿ ಡಬ್ಬಿಯನ್ನು ಮೆಲ್ಲಗೆ ತಟ್ಟಿ ಸಮ ಮಾಡಬೇಕು. ಬಿಲ್ಲೆಯನ್ನು ಒತ್ತಬಾರದು, ಇಟ್ಟರೆ ಸಾಕು. ಕುದಿ ಬಂದು ಒಂದು ಕ್ಷಣ ತಣಿದ ನೀರನ್ನು ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ ಅರ್ಧ ನಿಮಿಷ ಬಿಡುತ್ತಾರೆ. ಪುಡಿ ಉಬ್ಬಿ ಉಸಿರು ಬಿಡುತ್ತದೆ. ಆಮೇಲೆ ಉಳಿದ ನೀರು, ಅದೂ ಹೆಚ್ಚಿಲ್ಲ, ಅರ್ಧ ಲೋಟಕ್ಕೂ ಕಡಿಮೆ. ಹನಿಹನಿಯಾಗಿ ಇಳಿಯಲು ನಾಲ್ಕೈದು ನಿಮಿಷ ಬೇಕು. ಅದಕ್ಕಿಂತ ಬೇಗ ಇಳಿದರೆ ಕಾಫಿ ತೆಳು, ತೀರಾ ತಡವಾದರೆ ಒಗರು.

ಪುಡಿಯ ವಾಸನೆಯಲ್ಲಿ ಬೆಣ್ಣೆ ಇತ್ತು. ನಾನು ಕೇಳಿದೆ. ಹೌದು, ಅಲ್ಲಿ ಹಳೆಯ ಪದ್ಧತಿಯಲ್ಲಿ ಹುರಿಯುವಾಗ ಬೆಣ್ಣೆ ಹಾಕುತ್ತಾರೆ. ಬೀಜ ಕಪ್ಪಾಗುವವರೆಗೆ ಹುರಿಯುತ್ತಾರೆ. ನಮ್ಮಲ್ಲಿ ಅಷ್ಟು ಹುರಿದರೆ ಸುಟ್ಟಿತು ಎಂದು ಅಮ್ಮ ಎತ್ತಿ ಚೆಲ್ಲುತ್ತಿದ್ದಳು. ಅಂದ ಹಾಗೆ ನಮ್ಮಮ್ಮ ಹುರಿಯುತ್ತಿದ್ದದ್ದು ಸೌದೆ ಒಲೆಯ ಮೇಲೆ, ಕಬ್ಬಿಣದ ಬಾಂಡಲೆಯಲ್ಲಿ. ತೋಟದಲ್ಲಿ ಬಿದ್ದ ಕಾಯಿ ಹೆಕ್ಕಿ ತಂದದ್ದನ್ನು ಮನೆ ಖರ್ಚಿಗೆ ಇಟ್ಟುಕೊಳ್ಳುತ್ತಿದ್ದೆವು. ಒಳ್ಳೆಯದು ಮಾರಾಟಕ್ಕೆ, ಹೆಕ್ಕಿದ್ದು ಮನೆಗೆ. ಬೆಳೆಗಾರರ ಮನೆಗಳಲ್ಲಿ ಇದು ಎಲ್ಲ ಕಡೆಯೂ ನಡೆದು ಬಂದದ್ದು. ಆ ಹುಡುಗಿಯ ಮನೆಯಲ್ಲೂ ಹಾಗೆಯೇ ಎಂದಳು.

ಈಗ ಮೊಟ್ಟೆ. ಇಲ್ಲಿ ನಿಧಾನಿಸುತ್ತೇನೆ, ಏಕೆಂದರೆ ಕೆಲಸವೆಲ್ಲ ಇರುವುದು ಇಲ್ಲೇ. ಮೊಟ್ಟೆ ಅಂದಂದಿನದೇ ಆಗಬೇಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯದು ಆಗದು, ನೊರೆ ಏಳುವುದಿಲ್ಲ. ಒಡೆದು, ಹಳದಿಯನ್ನು ಅಂಗೈಗೆ ಹಾಕಿಕೊಂಡು, ಬಿಳಿಯನ್ನು ಬೆರಳ ಸಂದಿಯಿಂದ ಇಳಿಯಬಿಡಬೇಕು. ಹಳದಿಗೆ ಅಂಟಿಕೊಂಡು ದಾರದಂಥ ಒಂದು ಬಿಳಿ ಎಳೆ ಇರುತ್ತದೆ. ಅದನ್ನೂ ಚಿವುಟಿ ತೆಗೆಯುತ್ತಾರೆ. ಹಸಿ ವಾಸನೆ ಉಳಿಯುವುದು ಅದರಿಂದಲೇ ಎಂದು ಅವಳು ಹೇಳಿದಳು. ಒಂದು ಲೋಟಕ್ಕೆ ಒಂದು ಹಳದಿ, ಎರಡು ಚಮಚ ಸಿಹಿ ಗಟ್ಟಿಹಾಲು, ಅಂದರೆ ಡಬ್ಬಿಯಲ್ಲಿ ಬರುವ ಕಂಡೆನ್ಸ್ಡ್ ಮಿಲ್ಕ್, ಒಂದಿಷ್ಟು ಜೇನು. ಬೇಕಾದವರಿಗೆ ಒಂದು ಹನಿ ವೆನಿಲ್ಲಾ ಅಥವಾ ರಮ್. ಬೋಗುಣಿಯನ್ನು ಬೆಚ್ಚನೆಯ ನೀರಿನ ತಟ್ಟೆಯಲ್ಲಿಟ್ಟು ಕಡೆಯಲು ಶುರು ಮಾಡಬೇಕು.

ಕೋಣೆಯಲ್ಲಿ ಕರೆಂಟಿನ ಕಡೆಗೋಲೂ ಇತ್ತು. ಆದರೆ ಮೊದಲು ಕೈಯಲ್ಲಿ ಕಡೆಯಲೇಬೇಕೆಂದು ಆಕೆಯ ನಿಯಮ. ಜಾಂಗ್ ಕಾಲದಲ್ಲಿ ಎಲ್ಲ ಕೈಯಲ್ಲೇ ಅಲ್ಲವೇ. ಮೊದಲು ಬೋಗುಣಿಯಲ್ಲಿ ಇರುವುದು ಕಡು ಕೇಸರಿ ಬಣ್ಣದ ಅಂಟು ದ್ರವ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ತೋಳು ಸೋಲುತ್ತದೆ. ಆಮೇಲೆ ತಂತಿಯ ಸದ್ದು ಬದಲಾಗುತ್ತದೆ. ಬೋಗುಣಿಗೆ ತಾಗುವ ಟಣಟಣ ಸದ್ದು ತಗ್ಗಿ ಮಂದವಾಗುತ್ತದೆ. ಅಲ್ಲಿಂದ ಬಣ್ಣ ತಿಳಿಯಾಗುತ್ತ ಹೋಗಿ, ಕೇಸರಿ ಹೋಗಿ ಹಳದಿ, ಹಳದಿ ಹೋಗಿ ಹೊಸ ಬೆಣ್ಣೆಯ ಬಣ್ಣಕ್ಕೆ ಬರುತ್ತದೆ. ಗಾತ್ರ ಎರಡು ಮೂರು ಪಟ್ಟಾಗುತ್ತದೆ. ತಂತಿಯನ್ನು ಎತ್ತಿದರೆ ಪಟ್ಟಿಯಂತೆ ಇಳಿದು, ಬಿದ್ದ ಗೆರೆ ಒಂದು ಕ್ಷಣ ಮೇಲೆಯೇ ನಿಂತು ಆಮೇಲೆ ಮುಳುಗಬೇಕು. ಅದೇ ಹದ. ಗಟ್ಟಿಹಾಲಿನಲ್ಲಿ ಅರ್ಧದ ಹತ್ತಿರ ಸಕ್ಕರೆಯೇ ಇರುವುದರಿಂದ ಮಿಶ್ರಣ ದಪ್ಪಗಾಗಿ ಗಾಳಿಗುಳ್ಳೆಗಳು ಒಡೆಯದೆ ನಿಲ್ಲುತ್ತವೆ. ಹಳದಿಯ ಕೊಬ್ಬು ನಾಲಿಗೆಗೆ ನಯ ಕೊಡುತ್ತದೆ.

ನನ್ನ ಎದುರಿಗೆ ಒಬ್ಬ ವಯಸ್ಸಾದ ಆಸ್ಟ್ರೇಲಿಯಾದವರು ಕೂತಿದ್ದರು. ಹೆಂಡತಿಯ ಕೈ ಸೋತಾಗ ಅವರು ತಂತಿ ತೆಗೆದುಕೊಳ್ಳುವರು, ಅವರ ಕೈ ಸೋತಾಗ ಆಕೆ. ಮಾತಿಲ್ಲ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು. ಅವರ ನೊರೆಯೇ ಎಲ್ಲರದ್ದಕ್ಕಿಂತ ಚೆನ್ನಾಗಿ ಬಂತು.

ಇಳಿದ ಕಾಫಿ ಬಿಸಿಯಾಗಿರುವಾಗಲೇ ಅದರ ಮೇಲೆ ನೊರೆಯನ್ನು ಚಮಚದ ಬೆನ್ನಿನಿಂದ ಇಳಿಸಬೇಕು. ಕೆಳಗೆ ಕಪ್ಪು, ಮೇಲೆ ಬೆಣ್ಣೆ ಬಣ್ಣ. ಲೋಟ ಆರದಂತೆ ಬಿಸಿನೀರಿನ ಬಟ್ಟಲಲ್ಲಿಟ್ಟು ಕೊಡುತ್ತಾರೆ. ಮೊದಲು ಮೇಲಿನ ನೊರೆಯನ್ನಷ್ಟೇ ಚಮಚದಲ್ಲಿ ತಿನ್ನುವುದು, ಆಮೇಲೆ ತಳದಿಂದ ಕಪ್ಪನ್ನು ಎತ್ತಿ ಎರಡೂ ಸೇರಿಸಿ ಕುಡಿಯುವುದು. ಮೊಟ್ಟೆಯ ವಾಸನೆ ಬಾರದೇ ಎಂದು ಕೇಳುವವರಿಗೆ ಹೇಳುತ್ತೇನೆ, ಹದ ಸರಿಯಿದ್ದರೆ ಬರುವುದಿಲ್ಲ. ನಾಲಿಗೆಗೆ ಸಿಗುವುದು ಸಿಹಿ, ಅದರ ಹಿಂದೆಯೇ ಕಹಿ.

ನಾನು ಹನೋಯ್‌ನಿಂದ ಹೊತ್ತು ತಂದ ಮಾತು ಇರುವುದು ಈ ಕಹಿಯಲ್ಲಿ. ವಿಯೆಟ್ನಾಮಿನಲ್ಲೂ ಅರೇಬಿಕಾ ಬೆಳೆಯುತ್ತಾರೆ, ದಾ ಲಾಟ್ ಕಡೆಯ ಎತ್ತರದ ಗುಡ್ಡಗಳಲ್ಲಿ. ಆ ಹುಡುಗಿ ಅದರ ಪುಡಿಯನ್ನೂ ತೆಗೆದು, ಒಂದೇ ನೊರೆಯನ್ನು ಎರಡು ಲೋಟಕ್ಕೆ ಹಂಚಿದಳು. ಒಂದರಲ್ಲಿ ಅರೇಬಿಕಾ, ಇನ್ನೊಂದರಲ್ಲಿ ರೊಬಸ್ಟಾ. ಅರೇಬಿಕಾ ಲೋಟದಲ್ಲಿ ಕಾಫಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಅದರ ಹುಳಿ, ಅದರ ಹೂವಿನ ಪರಿಮಳ, ಎಲ್ಲ ಆ ನೊರೆಯಡಿ ಮುಚ್ಚಿಹೋಗಿ ಬರೀ ಸಿಹಿ ಉಳಿಯಿತು. ರೊಬಸ್ಟಾ ಹಾಗಲ್ಲ. ಅದರಲ್ಲಿ ಕೆಫೀನು ಅರೇಬಿಕಾದ ಎರಡರಷ್ಟರ ಹತ್ತಿರ, ಕಹಿಯೂ ಜೋರು, ಮೈಯೂ ದಪ್ಪ. ಎಷ್ಟು ಸಿಹಿ, ಎಷ್ಟು ಕೊಬ್ಬು ಮೇಲೆ ಬಂದರೂ ಅದು ತನ್ನ ಜಾಗ ಬಿಟ್ಟುಕೊಡಲಿಲ್ಲ.

ನಮ್ಮಲ್ಲಿ ರೊಬಸ್ಟಾಗೆ ಏನು ಮರ್ಯಾದೆ, ನೀವೇ ಹೇಳಿ. ತೋಟದ ಮಾತು ಬಂದರೆ "ಅರೇಬಿಕಾವೋ, ಬರೀ ರೊಬಸ್ಟಾವೋ" ಎಂದು ಕೇಳುತ್ತಾರೆ. ಆ "ಬರೀ" ಎಂಬುದು ನನ್ನ ಕಿವಿಯಲ್ಲಿ ಚಿಕ್ಕಂದಿನಿಂದ ಇದೆ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು, ದೇಶದ ಬೆಳೆಯಲ್ಲಿ ರೊಬಸ್ಟಾವೇ ಹೆಚ್ಚು. ಆದರೂ ನಾವು ಹೆಮ್ಮೆಪಡುವುದು ಬಾಬಾ ಬುಡನ್‌ಗಿರಿಯ ಅರೇಬಿಕಾದ ಬಗ್ಗೆ. ರೊಬಸ್ಟಾ ಎಂದರೆ ಡಿಕಾಕ್ಷನ್ ಗಟ್ಟಿ ಬರಲೆಂದು ಬೆರೆಸುವುದು, ಇಲ್ಲವೇ ಇನ್‌ಸ್ಟಂಟ್ ಪುಡಿಯ ಕಾರ್ಖಾನೆಗೆ ಹೋಗುವುದು. ಹನೋಯ್‌ನಲ್ಲಿ ಅದನ್ನು ಯಾರೂ ಬೆರಕೆಗೆ ಬಳಸುತ್ತಿರಲಿಲ್ಲ. ಅದರ ಕಹಿಯನ್ನು ಕುಂದೆಂದು ಮರೆಸದೆ, ಆ ಕಹಿ ಇದೆಯೆಂದೇ ಒಂದು ಪಾನೀಯ ಕಟ್ಟಿದ್ದಾರೆ. ಗಟ್ಟಿಹಾಲು ಹಾಕಿದರೂ ಅಷ್ಟೇ, ಐಸ್ ಹಾಕಿದರೂ ಅಷ್ಟೇ, ಹ್ಯೂ ನಗರದಿಂದ ಬಂದ ಉಪ್ಪು ಕಾಫಿಯಲ್ಲೂ ಅಷ್ಟೇ. ನಡುವಿನ ಕಂಬ ರೊಬಸ್ಟಾ. ನನ್ನ ಅಪ್ಪ, ಅಜ್ಜ ಬೆಳೆದ ಬೆಳೆಗೆ ಇಷ್ಟು ಮರ್ಯಾದೆ ನಾನು ಬೇರೆಲ್ಲೂ ಕಂಡಿರಲಿಲ್ಲ. ಕಣ್ಣು ತುಂಬಿತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಕೈಚೀಲದಲ್ಲಿ ಸೊಸೆಗೆಂದು ತಂದ ತೋಟದ ಪುಡಿ ಇತ್ತು. ಚಿಕೋರಿ ಹಾಕದ್ದು. ಆ ಹುಡುಗಿ ಮೂಸಿ ನೋಡಿ, ಬೆರಳ ನಡುವೆ ಉಜ್ಜಿ, ಇದು ನಮ್ಮ ಫಿನ್‌ಗೆ ನುಣುಪು ಹೆಚ್ಚು ಎಂದಳು. ನಮ್ಮ ಫಿಲ್ಟರಿಗೆ ಬೇಕಾದಂತೆ ಬೀಸಿದ್ದು ಅದು. ಹನಿ ತುಂಬ ನಿಧಾನಕ್ಕೆ ಇಳಿಯಿತು, ಎಲ್ಲರೂ ಕಾದರು. ಕೊಡಗಿನ ರೊಬಸ್ಟಾದ ಮೇಲೆ ಹನೋಯ್‌ನ ನೊರೆ ಕೂತಿತು. ಅವರದಕ್ಕಿಂತ ನಮ್ಮದರಲ್ಲಿ ಕಹಿ ಒಂದು ಗುಲಗಂಜಿ ಕಡಿಮೆ, ಕೊನೆಯಲ್ಲಿ ಚಾಕಲೇಟಿನಂಥ ಒಂದು ರುಚಿ. ಆ ಹುಡುಗಿ ಲೋಟ ಪೂರ್ತಿ ಮುಗಿಸಿದಳು. ಮಿಕ್ಕ ಪುಡಿಯನ್ನು ಅವಳಿಗೇ ಕೊಟ್ಟು ಬಂದೆ.

ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕರೆ ಮಾಡಿದೆವು. ಅಪ್ಪನಿಗೆ ಈಗ ಕಿವಿ ಮಂದ, ಆದರೆ ತೋಟದ ವಿಷಯ ಎಲ್ಲ ಕೇಳಿಸುತ್ತದೆ. ಮೊಟ್ಟೆಯ ಸುದ್ದಿ ಅವರಿಗೆ ಬೇಡವಾಗಿತ್ತು. "ನೆರಳು ಎಷ್ಟು ಬಿಟ್ಟಿದ್ದಾರೆ ಕೇಳು" ಎಂದರು. ಕಲಿಸುತ್ತಿದ್ದ ಹುಡುಗಿಯ ಉತ್ತರವನ್ನು ಸೊಸೆ ಕನ್ನಡಕ್ಕೆ ತಿರುಗಿಸಿದಳು. ನೆರಳು ಹೆಚ್ಚಿಲ್ಲ, ಗಿಡ ಬಿಸಿಲಲ್ಲೇ ನಿಲ್ಲುತ್ತದೆ, ಒಣ ಕಾಲದಲ್ಲಿ ಬಾವಿಯಿಂದ ನೀರು ಹಾಯಿಸುತ್ತಾರೆ, ಇಳುವರಿ ನಮ್ಮದರ ಎರಡು ಪಟ್ಟಿಗೂ ಮೇಲೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಾವಿ ಬತ್ತಿದರೆ ಏನು ಮಾಡುತ್ತಾರೆ?" ಎಂದು ಕೇಳಿದರು. ಅದೇ ಭಯ ನಮ್ಮಪ್ಪನಿಗೂ ಇದೆ ಎಂದಳು ಆಕೆ. ಬರ ಬಿದ್ದ ವರ್ಷ ಕೊಳವೆಬಾವಿ ಆಳಕ್ಕೆ ಇಳಿಸುತ್ತ ಹೋದದ್ದು, ಕೆಲವು ಕಡೆ ಗಿಡ ಕಿತ್ತು ಬೇರೆ ಬೆಳೆ ಹಾಕಿದ್ದು, ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಫೋನಿನ ಆ ಕಡೆ ಅಪ್ಪ, ಈ ಕಡೆ ಆ ಹುಡುಗಿ, ನಡುವೆ ದುಭಾಷಿಯಾಗಿ ಸೊಸೆ, ಕಣದಲ್ಲಿ ಕಾಫಿ ಒಣಗಿಸುವುದರಿಂದ ಹಿಡಿದು ಕೊಯ್ಲಿನ ಕೂಲಿಯವರೆಗೆ ಹರಟಿದರು. ಅಷ್ಟು ವರ್ಷ "ವಿಯೆಟ್ನಾಮಿನವರು" ಎಂದು ಒಟ್ಟಾಗಿ ಹೇಳುತ್ತಿದ್ದ ಅಪ್ಪ ಕೊನೆಗೆ "ಆ ಮಗುವಿನ ಅಪ್ಪನಿಗೆ ನಮಸ್ಕಾರ ಹೇಳು" ಎಂದರು. ಮನೆಗೆ ಬಂದ ಮೇಲೂ ಪೇಟೆ ಧಾರಣೆ ಕೇಳುವಾಗ ಅವಳ ಊರಲ್ಲಿ ಮಳೆಯಾಯಿತಾ ಎಂದು ವಿಚಾರಿಸುತ್ತಾರೆ.

ಜಾಂಗ್ ಅಂಗಡಿಯನ್ನು ನಾನು ನೋಡಿದ್ದು ಇದೆಲ್ಲ ಆದ ಮೇಲೆ. ಬೀದಿಯಿಂದ ಕಾಣುವುದು ಒಂದು ಸಂದಿ ಮಾತ್ರ. ಒಳಗೆ ಹೋದರೆ ಗಿಜಿಗಿಜಿ ಜನ, ಮೊಣಕಾಲೆತ್ತರದ ಸ್ಟೂಲುಗಳು. ಶಾಲೆ ಬಿಟ್ಟ ಮಕ್ಕಳು, ಮುದುಕರು, ಪ್ರವಾಸಿಗರು, ಎಲ್ಲರಿಗೂ ಒಂದೇ ಬಗೆಯ ಪುಟ್ಟ ಲೋಟ. ಕೈಯಲ್ಲಿ ಕಡೆದು ತೋಳು ನೋಯಿಸಿಕೊಂಡ ಮೇಲೆ ಆ ಲೋಟವನ್ನು ನೋಡುವ ಕಣ್ಣೇ ಬೇರೆಯಾಗಿತ್ತು. ಮೊದಲ ಚಮಚದಲ್ಲೇ ಅವರ ನೊರೆ ಎಷ್ಟು ನುಣುಪು, ನಮ್ಮದು ಎಲ್ಲಿ ನಿಂತಿತ್ತು ಎಂದು ಗೊತ್ತಾಯಿತು. ಹನೋಯ್‌ಗೆ ಹೋಗುವವರಿಗೆ ನನ್ನ ಸಲಹೆ ಇದು. ಮೊದಲು ಕಲಿಯಿರಿ, ಆಮೇಲೆ ಜಾಂಗ್‌ಗೆ ಹೋಗಿ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡು ನಿಮಿಷ. ಹೇಳಬೇಕಾದ್ದು ರಾಶಿ ಉಳಿಯಿತು. ಬೇಗ ಹೇಳುತ್ತೇನೆ. ಮನೆಯಲ್ಲಿ ಮಾಡಿ ನೋಡುವವರು ಗಮನಿಸಿ, ಇದರಲ್ಲಿ ಮೊಟ್ಟೆ ಪೂರ್ತಿ ಬೇಯುವುದಿಲ್ಲ. ಬಸುರಿಯರು, ಪುಟ್ಟ ಮಕ್ಕಳು, ತೀರಾ ವಯಸ್ಸಾದವರು, ಕಾಯಿಲೆಯಿಂದ ಎದ್ದವರು ಕುಡಿಯದಿರುವುದು ಲೇಸು. ಪುಡಿ ರೊಬಸ್ಟಾ ಇರಲಿ, ಚಿಕೋರಿ ಬೇಡ, ಡಿಕಾಕ್ಷನ್ ಗಟ್ಟಿಯಿದ್ದು ಬಿಸಿಯಾಗಿರಲಿ. ಫಿನ್ ಇಲ್ಲದಿದ್ದರೆ ನಮ್ಮ ಫಿಲ್ಟರಿನ ಮೊದಲ ಡಿಕಾಕ್ಷನ್ ಧಾರಾಳ ಸಾಕು.

ಊರಿನಲ್ಲಿ ನೋಡಬೇಕಾದ್ದು, 1070ರಲ್ಲಿ ಕಟ್ಟಿದ ಸಾಹಿತ್ಯ ದೇಗುಲ. ಪರೀಕ್ಷೆ ಗೆದ್ದ ವಿದ್ವಾಂಸರ ಹೆಸರು ಕೆತ್ತಿದ ಕಲ್ಲುಗಳನ್ನು ಅಲ್ಲಿ ಕಲ್ಲಿನ ಆಮೆಗಳು ಹೊತ್ತು ನಿಂತಿವೆ. ಅದರ ಬಗ್ಗೆಯೇ ಒಂದು ಭಾಷಣವಾಗಬೇಕು. ಕೆರೆಯ ಬಳಿಯ ನೀರಿನ ಬೊಂಬೆಯಾಟ, ಆಡಿಸುವವರು ಬಿದಿರ ತೆರೆಯ ಹಿಂದೆ ಸೊಂಟದಷ್ಟು ನೀರಲ್ಲಿ ನಿಂತಿರುತ್ತಾರೆ, ಮಕ್ಕಳಿದ್ದರೆ ತಪ್ಪಿಸಬೇಡಿ. ಕೆಂಪು ನದಿಯ ಮೇಲಿನ ಲಾಂಗ್ ಬಿಯೆನ್ ಸೇತುವೆ 1902ರದು, ಬಾಂಬು ಬಿದ್ದು ಮುರಿದು ಮತ್ತೆ ಮತ್ತೆ ಎದ್ದದ್ದು. ರೈಲು ಈಗಲೂ ಅದರ ಮೇಲೇ ಹೋಗುತ್ತದೆ, ಪಕ್ಕದಲ್ಲಿ ನಡೆಯಬಹುದು, ಬೆಳಗಿನ ಹೊತ್ತು ಹೋಗಿ. ವೀಸಾ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಪಡೆಯಬಹುದು. ಸ್ವೆಟರ್ ಒಯ್ಯಿರಿ, ಜನವರಿ ಫೆಬ್ರವರಿಯಲ್ಲಿ ಬೇಕೇ ಬೇಕು. ಸಸ್ಯಾಹಾರಿಗಳಿಗೆ ಬೌದ್ಧರ ಊಟದ ಅಂಗಡಿಗಳು ಊರಲ್ಲಿ ಸಿಗುತ್ತವೆ, ಮೊಟ್ಟೆ ಬೇಡವೆನ್ನುವವರಿಗೆ ತೆಂಗಿನಹಾಲಿನ ಕಾಫಿಯಿದೆ, ಅದರ ವಿಧಾನ ಹೇಳಲು ಈಗ ಹೊತ್ತಿಲ್ಲ, ನಿಲಯಕ್ಕೆ ಕಾಗದ ಬರೆದರೆ ಉತ್ತರ ಕೊಡುತ್ತೇನೆ.